ಸಾಮಾಜಿಕ ಜಾಲತಾಣ, ಪ್ರಜಾಪ್ರಭುತ್ವ ಮತ್ತು ನಮ್ಮದೇ ಸರ್ವರ್: ಗಡಿನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ವಾಚನಾಲಯಗಳಲ್ಲಿ ಎರಡು ವರ್ಷಗಳಿಂದ ಈ ವಿಷಯವಾಗಿ ಮಾತನಾಡುತ್ತ ಬಂದಿದ್ದೇವೆ. ಕೇಳಲು ಬರುವವರಲ್ಲಿ ನಿವೃತ್ತ ಅಧ್ಯಾಪಕರಿದ್ದಾರೆ, ಕೇರಳದ ಮಹಿಳಾ ಸ್ವಸಹಾಯ ಸಂಘಟನೆಯಾದ ಕುಟುಂಬಶ್ರೀಯ ಸದಸ್ಯೆಯರಿದ್ದಾರೆ, ಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಹುಡುಗ ಹುಡುಗಿಯರಿದ್ದಾರೆ. ಎಲ್ಲಿ ಹೋದರೂ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆದ್ದರಿಂದ ಉತ್ತರಗಳನ್ನು ಬರೆದಿಡುವುದು ಒಳ್ಳೆಯದೆನ್ನಿಸಿತು. ನಮ್ಮಲ್ಲಿ ಕೆಲವರು ಸೇರಿ ನಮ್ಮದೇ ಸಾಮಾಜಿಕ ಜಾಲಕ್ಕಾಗಿ ಒಂದು ಸಣ್ಣ ಸರ್ವರನ್ನು (ಎಂದರೆ ಸದಾ ಇಂಟರ್ನೆಟ್ಟಿಗೆ ಜೋಡಿಸಿರುವ ಕಂಪ್ಯೂಟರನ್ನು) ಹದಿನಾಲ್ಕು ತಿಂಗಳು ನಡೆಸಿದ್ದೇವೆ. ಹೀಗಾಗಿ ಕೆಲವು ಉತ್ತರಗಳಲ್ಲಿ ಓದಿ ತಿಳಿದದ್ದಕ್ಕಿಂತ ಪೆಟ್ಟು ತಿಂದು ತಿಳಿದದ್ದೇ ಹೆಚ್ಚು.

ಸಾಮಾಜಿಕ ಜಾಲತಾಣಗಳಿಂದ ಪ್ರಜಾಪ್ರಭುತ್ವಕ್ಕೆ ಒಳಿತೇ ಆಗಿಲ್ಲವೇ?

ಆಗಿದೆ, ಅದನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗಬೇಕು. 2017ರಲ್ಲಿ ಕೇರಳವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು ತಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಆ ದಿನಗಳಲ್ಲಿ ಎಲ್ಲಿ ಸೇರಬೇಕು, ಯಾವ ಬಸ್ಸು ಹತ್ತಬೇಕು ಎಂಬ ಸುದ್ದಿ ನಮ್ಮ ಮನೆಗೆ ಬಂದದ್ದು ಪತ್ರಿಕೆಯಿಂದಲ್ಲ, ವಾಟ್ಸ್ಆ್ಯಪ್‌ನಿಂದ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿಕೊಂಡಿದ್ದ ಉತ್ತರ ಕಾಸರಗೋಡಿನ ರೋಗಿಗಳ ಪಾಡು ತಲಪಾಡಿಯಿಂದ ತೆಗೆದ ಮೊಬೈಲ್ ವಿಡಿಯೋಗಳ ಮೂಲಕವೇ ಹೊರಜಗತ್ತಿಗೆ ತಲುಪಿತು. ಮುದ್ರಣಾಲಯವಾಗಲಿ ಟಿವಿ ವಾಹಿನಿಯಾಗಲಿ ಇಲ್ಲದ ಸಣ್ಣ ಸಮುದಾಯಕ್ಕೆ ಇದು ಸಾಮಾನ್ಯ ಲಾಭವಲ್ಲ.

ಹಾಗಾದರೆ ತೊಂದರೆ ಇರುವುದು ಎಲ್ಲಿ?

ಯಾವುದನ್ನು ಯಾರಿಗೆ ಎಷ್ಟು ಸಲ ತೋರಿಸಬೇಕು ಎಂಬ ತೀರ್ಮಾನದಲ್ಲಿ. ದೊಡ್ಡ ಜಾಲತಾಣಗಳ ವರಮಾನ ಜಾಹೀರಾತಿನಿಂದ ಬರುತ್ತದೆ. ಜಾಹೀರಾತು ಕಾಣಬೇಕಾದರೆ ಜನ ಪರದೆಯ ಮುಂದೆ ಕುಳಿತಿರಬೇಕು. ಕುಳ್ಳಿರಿಸಲು ಸಿಟ್ಟು, ಭಯ, ಬೆರಗು ಮೂರೂ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ಫೇಸ್‌ಬುಕ್ 2018ರಲ್ಲಿ ತನ್ನ ಫೀಡಿನ (ತೆರೆದೊಡನೆ ಕಾಣುವ ಪೋಸ್ಟುಗಳ ಸಾಲಿನ) ಲೆಕ್ಕಾಚಾರವನ್ನು ಬದಲಿಸಿ, ಜನರ ನಡುವೆ ಹೆಚ್ಚು ಮಾತುಕತೆ ಹುಟ್ಟಿಸುವ ಪೋಸ್ಟುಗಳಿಗೆ ಹೆಚ್ಚು ತೂಕ ಕೊಟ್ಟಿತು. ಮಾತುಕತೆ ಎಂದು ಅವರು ಎಣಿಸಿದ್ದರಲ್ಲಿ ಜಗಳವೂ ಸೇರಿತ್ತು ಎಂಬುದು 2021ರಲ್ಲಿ ಆ ಕಂಪೆನಿಯ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗೆನ್ ಹೊರಗೆಡಹಿದ ಒಳಗಿನ ಕಾಗದಪತ್ರಗಳಿಂದ ಎಲ್ಲರಿಗೂ ತಿಳಿಯಿತು.

ಆದರೆ ಎಲ್ಲ ತಪ್ಪನ್ನೂ ಯಂತ್ರದ ತಲೆಗೆ ಕಟ್ಟುವುದು ಸರಿಯಲ್ಲ. ಅಮೆರಿಕದ ಎಂಐಟಿಯ ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಳ್ಳು ಸುದ್ದಿಯನ್ನು ಜನ ಮರುಹಂಚಿಕೊಳ್ಳುವ ಸಂಭವ ನಿಜ ಸುದ್ದಿಗಿಂತ ಶೇ. 70ರಷ್ಟು ಹೆಚ್ಚು; ಹಾಗೆ ಹರಡಿದವರಲ್ಲಿ ತಾವಾಗಿಯೇ ಪೋಸ್ಟ್ ಹಾಕುವ ಯಂತ್ರಖಾತೆಗಳಾದ ಬಾಟ್‌ಗಳಿಗಿಂತ ನಮ್ಮ ನಿಮ್ಮಂಥ ಮನುಷ್ಯರ ಪಾಲೇ ದೊಡ್ಡದಿತ್ತು. ಸುಳ್ಳಿಗೆ ಹೊಸತನ ಇರುತ್ತದೆ, ನಿಜ ಹಲವು ಸಲ ಸಪ್ಪೆಯಾಗಿರುತ್ತದೆ. ಕಟ್ಟೆಯ ಮೇಲೆ ಕುಳಿತು ಹರಟುವಾಗಲೂ ಇದೇ ನಡೆಯುತ್ತಿತ್ತು. ಕಟ್ಟೆಯಲ್ಲಿ ಹತ್ತು ಜನ ಕೇಳುತ್ತಿದ್ದರು, ಹೇಳಿದವನ ಗುಣ ಆ ಹತ್ತು ಜನಕ್ಕೂ ಗೊತ್ತಿರುತ್ತಿತ್ತು. ಈಗ ಆ ಗುರುತೇ ಇಲ್ಲ.

ಸುಳ್ಳು ಸುದ್ದಿಯಿಂದ ಚುನಾವಣೆಯ ಫಲಿತಾಂಶ ಬದಲಾಗುತ್ತದೆಯೇ?

ಇದಕ್ಕೆ ಹೌದು ಎಂದು ಧೈರ್ಯವಾಗಿ ಹೇಳುವವರನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. 2018ರಲ್ಲಿ ಬಯಲಾದ, ರಾಜಕೀಯ ಪ್ರಚಾರದ ಸಲಹೆ ಕೊಡುತ್ತಿದ್ದ ಕೇಂಬ್ರಿಜ್ ಅನಾಲಿಟಿಕಾ ಕಂಪೆನಿಯ ಪ್ರಕರಣದಲ್ಲಿ ಸುಮಾರು 8.7 ಕೋಟಿ ಫೇಸ್‌ಬುಕ್ ಬಳಕೆದಾರರ ಮಾಹಿತಿ ಅವರ ಅರಿವಿಲ್ಲದೆ ಸೋರಿಹೋಗಿತ್ತು. ಆ ಮಾಹಿತಿಯಿಂದ ಎಷ್ಟು ಮತಗಳು ಅತ್ತಿತ್ತ ಆದವೆಂಬುದನ್ನು ಯಾರೂ ಸಾಬೀತುಪಡಿಸಿಲ್ಲ. 2020ರ ಅಮೆರಿಕದ ಚುನಾವಣೆಯ ಕಾಲದಲ್ಲಿ ಸಾವಿರಾರು ಬಳಕೆದಾರರ ಫೀಡನ್ನು ಮೂರು ತಿಂಗಳು ಕೇವಲ ಸಮಯದ ಅನುಕ್ರಮಕ್ಕೆ ಬದಲಿಸಿ ನೋಡಿದ ಪ್ರಯೋಗದ ಫಲಿತಾಂಶ 2023ರಲ್ಲಿ ಹೊರಬಂತು. ಅವರ ರಾಜಕೀಯ ಧ್ರುವೀಕರಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯಾವ ಪೋಸ್ಟ್ ತೋರಿಸಬೇಕೆಂದು ತೀರ್ಮಾನಿಸುವ ಲೆಕ್ಕಾಚಾರವನ್ನು, ಎಂದರೆ ಅಲ್ಗಾರಿದಮ್ಮನ್ನು, ತೆಗೆದರೆ ಎಲ್ಲವೂ ಸರಿಹೋದೀತು ಎನ್ನುವವರು ಈ ಫಲಿತಾಂಶವನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಹಾಗೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ನಮ್ಮದೇ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 2016ರಲ್ಲಿ ಗೆಲುವಿನ ಅಂತರ 89 ಮತ, 2021ರಲ್ಲಿ 745 ಮತ. ಇಷ್ಟು ಕಿರಿದಾದ ಅಂತರವಿರುವ ಕಡೆ ಜನರ ಮನಸ್ಸನ್ನೆಲ್ಲ ಬದಲಿಸಬೇಕಾಗಿಲ್ಲ. ಮತದಾನದ ಹಿಂದಿನ ರಾತ್ರಿ ಒಂದೆರಡು ವಾರ್ಡುಗಳಲ್ಲಿ ನೂರು ಜನರನ್ನು ಮನೆಯಲ್ಲೇ ಕುಳ್ಳಿರಿಸುವಂಥ ಒಂದು ವದಂತಿ ಸಾಕು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 126ನೆಯ ಕಲಮು ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆಗಳಲ್ಲಿ ಬಹಿರಂಗ ಪ್ರಚಾರವನ್ನು ನಿಷೇಧಿಸುತ್ತದೆ. ಮೈಕು ಕಟ್ಟಿದ ಜೀಪು ನಿಲ್ಲುತ್ತದೆ. ಜೇಬಿನಲ್ಲಿರುವ ಫೋನು ನಿಲ್ಲುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಅಲ್ಗಾರಿದಮ್ ಇಲ್ಲವಲ್ಲ, ಅದು ವಾಸಿಯಲ್ಲವೇ?

ಅಲ್ಲಿ ಅಲ್ಗಾರಿದಮ್ಮಿನ ಕೆಲಸವನ್ನು ನಮ್ಮ ಬಂಧುಬಳಗವೇ ಮಾಡುತ್ತದೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಫಾರ್ವರ್ಡುಗಳಲ್ಲಿ ಊರೂರು ಸುತ್ತಿತು. ಅದೇ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಗುಂಪು ಮುತ್ತಿ ಒಬ್ಬ ಎಂಜಿನಿಯರನ್ನು ಕೊಂದಿತು, ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಐದು ಮಂದಿ ಅಲೆಮಾರಿಗಳು ಸತ್ತರು. ಅದಾದ ಮೇಲೆ ಕಂಪೆನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳಿಸಬಹುದೆಂದು ಮಿತಿ ಹಾಕಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶಗಳಿಗೆ ಈ ಮಿತಿಯನ್ನು ಒಂದೇ ಚಾಟ್‌ಗೆ ಇಳಿಸಿತು. ಕಾನೂನಾಗಲಿ ನ್ಯಾಯಾಲಯವಾಗಲಿ ಮಾಡದ ಕೆಲಸವನ್ನು ಒಂದು ಗುಂಡಿಯ ಹೊಂದಾಣಿಕೆ ತಕ್ಕಮಟ್ಟಿಗೆ ಮಾಡಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಗುಂಡಿ ಯಾರ ಕೈಯಲ್ಲಿದೆ ಎಂಬುದು.

ಗಡಿನಾಡಿನ ಕನ್ನಡಿಗರಿಗೆ ಇದರಲ್ಲಿ ಬೇರೆಯದೇ ಆದ ತೊಂದರೆ ಇದೆಯೇ?

ಇದೆ, ಮತ್ತು ನಾವು ಈ ಕೆಲಸಕ್ಕೆ ಇಳಿದದ್ದೇ ಅದರಿಂದ. ನಮ್ಮ ಫೋನು ಇರುವ ಜಾಗ ಕೇರಳ, ನಾವು ಬರೆಯುವ ಭಾಷೆ ಕನ್ನಡ, ಮನೆಮಾತು ತುಳುವೋ ಹವ್ಯಕವೋ ಕೊಂಕಣಿಯೋ ಬ್ಯಾರಿಯೋ ಮರಾಠಿಯೋ ಆಗಿರಬಹುದು. ಫೀಡನ್ನು ಅಳೆಯುವ ಯಂತ್ರಕ್ಕೆ ಇಂಥ ಮನುಷ್ಯ ಅರ್ಥವಾಗುವುದಿಲ್ಲ. ಜಾಗ ನೋಡಿ ಮಲಯಾಳದ ಚರ್ಚೆಗಳನ್ನು ತೋರಿಸುತ್ತದೆ, ಭಾಷೆ ನೋಡಿ ಬೆಂಗಳೂರಿನ ಜಗಳಗಳನ್ನು ತೋರಿಸುತ್ತದೆ. ನಮ್ಮ ವಾರ್ಡಿನ ಗ್ರಾಮಸಭೆಯ ಸುದ್ದಿ ಎರಡರ ನಡುವಿನ ಸಂದಿಯಲ್ಲಿ ಬಿದ್ದು ಕಾಣೆಯಾಗುತ್ತದೆ. ಗಡಿ ವಿವಾದದ ಬಗ್ಗೆ ಯಾರೋ ಬೆಂಗಳೂರಿನಲ್ಲಿ ಕುಳಿತು ಗುಡುಗಿದರೆ ಕಮೆಂಟುಗಳು ಸಾವಿರದ ಲೆಕ್ಕದಲ್ಲಿ ಬೀಳುತ್ತವೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡವೇ ಬಾರದ ಅಧ್ಯಾಪಕರ ನೇಮಕವಾದ ಬಗ್ಗೆ ಒಬ್ಬ ತಾಯಿ ಬರೆದ ಪೋಸ್ಟಿಗೆ ಹದಿನೇಳು ಲೈಕುಗಳು ಬಂದದ್ದನ್ನು ನಾನೇ ನೋಡಿದ್ದೇನೆ, ಅದರಲ್ಲಿ ಒಂದು ನನ್ನದು.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ಕಂಡೆ. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೊ ದ್ರಾವಣ ಸಿಂಪಡಿಸುವುದು ನಮ್ಮ ತೋಟಗಳಲ್ಲಿ ವಾಡಿಕೆ; ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ನಮ್ಮ ನೆರೆಯ ಮಾವನೊಬ್ಬರು ಒಂದು ಜಾಲತಾಣದಲ್ಲಿ ಹವ್ಯಕದಲ್ಲಿ, “ಒಂದು ಕಿಲೋ ತುತ್ತಿಂಗೆ ಎಷ್ಟು ಸುಣ್ಣ ಹಾಕೆಕ್ಕು?” ಎಂದು ಕೇಳಿ, ಚೀಲದ ಚಿತ್ರವನ್ನೂ ಹಾಕಿದರು. ಅಪಾಯಕಾರಿ ವಸ್ತುವಿನ ಮಾರಾಟ ಎಂದು ಹೇಳಿ ಪೋಸ್ಟನ್ನು ತೆಗೆದುಹಾಕಲಾಯಿತು, ಖಾತೆಗೂ ಮೂರು ದಿನ ಬೀಗ ಬಿತ್ತು. ಮೇಲ್ಮನವಿ ಸಲ್ಲಿಸೋಣವೆಂದರೆ ಅರ್ಜಿ ಇಂಗ್ಲಿಷಿನಲ್ಲಿತ್ತು, ಉತ್ತರ ಬರಲೇ ಇಲ್ಲ. ಮೂರು ದಿನ ಕಳೆಯುವಷ್ಟರಲ್ಲಿ ಮಳೆ ಹಿಡಿದಿತ್ತು. ಗೂಗಲ್‌ನ ಅನುವಾದ ಸೌಲಭ್ಯಕ್ಕೆ ತುಳು ಸೇರಿದ್ದೇ 2024ರಲ್ಲಿ ಎಂಬುದನ್ನು ನೆನೆದರೆ, ಹವ್ಯಕವನ್ನು ಓದಬಲ್ಲ ಯಂತ್ರ ಅಥವಾ ಮನುಷ್ಯ ಆ ಕಂಪೆನಿಗಳಲ್ಲಿ ಇರಬಹುದೆಂದು ನಿರೀಕ್ಷಿಸುವುದೇ ಅತಿಯಾಸೆ.

ಮ್ಯಾನ್ಮಾರಿನಲ್ಲಿ ಇದೇ ಕೊರತೆ ಎಷ್ಟು ಘೋರವಾಗಬಹುದೆಂಬುದು ಕಂಡಿತು. ಅಲ್ಲಿ ರೋಹಿಂಗ್ಯಾ ಜನರ ವಿರುದ್ಧ ದ್ವೇಷ ಹರಡುವುದರಲ್ಲಿ ಫೇಸ್‌ಬುಕ್ ಮಹತ್ವದ ಪಾತ್ರ ವಹಿಸಿತೆಂದು 2018ರಲ್ಲಿ ವಿಶ್ವಸಂಸ್ಥೆಯ ಸತ್ಯಶೋಧಕರು ಹೇಳಿದರು, ಸಾಕಷ್ಟು ಕ್ರಮ ಕೈಗೊಂಡಿರಲಿಲ್ಲವೆಂದು ಕಂಪೆನಿಯೂ ಅದೇ ವರ್ಷ ಒಪ್ಪಿಕೊಂಡಿತು. ಬರ್ಮೀ ಭಾಷೆ ಬಲ್ಲ ಪರಿಶೀಲಕರು ಅಲ್ಲಿ ಬೆರಳೆಣಿಕೆಯಷ್ಟಿದ್ದರು. ನಮ್ಮ ಮೈಲುತುತ್ತಿನ ಕತೆಯನ್ನು ಅದರ ಪಕ್ಕದಲ್ಲಿಡುವುದು ತಪ್ಪು. ಆದರೂ ಕಾರಣದ ಬೇರು ಒಂದೇ: ನಿಯಮ ಮಾಡುವವನಿಗೆ ನಿಯಮಕ್ಕೆ ಒಳಪಟ್ಟವನ ಮಾತು ತಿಳಿಯುವುದಿಲ್ಲ.

ಸರ್ಕಾರವೇ ಕಡಿವಾಣ ಹಾಕಬಾರದೇ?

ಸ್ವಲ್ಪ ಮಟ್ಟಿಗೆ ಹಾಕಬೇಕು, ಆದರೆ ಲಗಾಮು ಯಾರ ಕೈಯಲ್ಲಿ ಹೇಗೆ ಓಡುತ್ತದೆ ಎಂಬ ಅನುಭವ ನಮ್ಮ ರಾಜ್ಯಕ್ಕೇ ಇದೆ. ಆನ್‌ಲೈನಿನಲ್ಲಿ ಆಕ್ಷೇಪಾರ್ಹವಾದದ್ದನ್ನು ಕಳಿಸಿದವರಿಗೆ ಶಿಕ್ಷೆ ಹೇಳುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿತು. ಅದೇ ತೀರ್ಪಿನಲ್ಲಿ, ಅದನ್ನು ಹೋಲುವ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕಲಮು ಕೂಡ ಬಿದ್ದುಹೋಯಿತೆಂಬುದು ಅನೇಕರಿಗೆ ತಿಳಿಯದು. ಐದು ವರ್ಷ ಕಳೆದ ಮೇಲೆ, 2020ರ ನವೆಂಬರಿನಲ್ಲಿ, ರಾಜ್ಯ ಸರ್ಕಾರ ಸುಗ್ರೀವಾಜ್ಞೆಯ ಮೂಲಕ 118ಎ ಎಂಬ ಹೊಸ ಕಲಮನ್ನು ತಂದಿತು. ಮಾನಹಾನಿಕರವಾದದ್ದನ್ನು ಪ್ರಕಟಿಸಿದವರಿಗೆ ಮೂರು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಎಂದು ಅದರಲ್ಲಿತ್ತು. ಮಹಿಳೆಯರ ಮೇಲಿನ ಆನ್‌ಲೈನ್ ದಾಳಿಯನ್ನು ತಡೆಯುವುದೇ ಉದ್ದೇಶವೆಂದು ಹೇಳಲಾಯಿತು. ಕಲಮಿನ ಮಾತುಗಳು ಮಾತ್ರ ಯಾವ ಟೀಕಾಕಾರನನ್ನಾದರೂ ಹಿಡಿದು ಹಾಕುವಷ್ಟು ಸಡಿಲವಾಗಿದ್ದವು. ಎಲ್ಲ ಕಡೆಯಿಂದ ವಿರೋಧ ಬಂದು ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಕೇಂದ್ರದ ಮಟ್ಟದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಪೋಸ್ಟುಗಳನ್ನು ತಡೆಹಿಡಿಯಬಹುದು, ಮತ್ತು ಆ ಆದೇಶಗಳನ್ನು ಗೋಪ್ಯವಾಗಿಡಬೇಕೆಂದು ನಿಯಮವೇ ಹೇಳುತ್ತದೆ. ಇಂಥ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್‌ನಲ್ಲಿ 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿತು. ಒಂದು ಕಡೆ ಕಾರಣ ಹೇಳದ ಕಂಪೆನಿ, ಇನ್ನೊಂದು ಕಡೆ ಕಾರಣ ಹೇಳದ ಸರ್ಕಾರ. ಬರೆದವನಿಗೆ ಎರಡೂ ಒಂದೇ.

ವಿಕೇಂದ್ರೀಕೃತ ಜಾಲ ಎಂದರೆ ಏನು?

ಕೇರಳದಲ್ಲಿ ವಾಸಿಸುವವರಿಗೆ ಈ ಶಬ್ದ ಹೊಸದೇನಲ್ಲ. 1996ರಲ್ಲಿ ಆರಂಭವಾದ ಜನಕೀಯ ಯೋಜನೆಯಡಿ ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಪಂಚಾಯತು, ನಗರಸಭೆಗಳಿಗೆ ಕೊಟ್ಟು, ಯಾವ ತೋಡಿಗೆ ಕಟ್ಟ ಹಾಕಬೇಕೆಂಬುದನ್ನು ವಾರ್ಡಿನ ಗ್ರಾಮಸಭೆಯೇ ಹೇಳಲಿ ಎಂದು ಬಿಟ್ಟರು. ತಿರುವನಂತಪುರ ಇಲ್ಲವಾಗಲಿಲ್ಲ, ತೀರ್ಮಾನದ ಒಂದು ಭಾಗ ಹತ್ತಿರ ಬಂತು.

ಜಾಲದಲ್ಲಿಯೂ ಹಾಗೆಯೇ. ಜಿಮೇಲ್‌ನವರು ಯಾಹೂವಿನವರಿಗೆ ಇಮೇಲ್ ಕಳಿಸಬಹುದು, ಏಕೆಂದರೆ ಇಮೇಲ್ ಯಾವ ಕಂಪೆನಿಯ ಸೊತ್ತೂ ಅಲ್ಲ, ಒಂದು ಒಪ್ಪಂದದ ಭಾಷೆ. ಸಾಮಾಜಿಕ ಜಾಲಕ್ಕೆ ಅಂಥದೇ ಒಂದು ಭಾಷೆಯಾದ ಆ್ಯಕ್ಟಿವಿಟಿಪಬ್ ಅನ್ನು ಜಾಲಲೋಕದ ಮಾನಕಗಳನ್ನು ನಿರ್ಧರಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರ ಜನವರಿಯಲ್ಲಿ ಅಧಿಕೃತ ಶಿಫಾರಸು ಎಂದು ಪ್ರಕಟಿಸಿತು. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಆರಂಭಿಸಿದ ಮಾಸ್ಟೊಡಾನ್ ಈ ಭಾಷೆಯಲ್ಲಿ ಮಾತನಾಡುವ ತಂತ್ರಾಂಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ತಂತ್ರಾಂಶ ಮುಕ್ತವಾಗಿರುವುದರಿಂದ ಒಂದು ವಾಚನಾಲಯವೋ ಕಾಲೇಜೋ ತನ್ನದೇ ಸರ್ವರ್ ಇಟ್ಟುಕೊಂಡು ತನ್ನ ಸದಸ್ಯರಿಗೆ ಖಾತೆ ಕೊಡಬಹುದು. ಆ ಸದಸ್ಯರು ಬೇರೆ ಸರ್ವರುಗಳಲ್ಲಿ ಇರುವವರನ್ನು ಹಿಂಬಾಲಿಸಬಹುದು, ಅವರೊಡನೆ ಮಾತನಾಡಬಹುದು. ಪೋಸ್ಟುಗಳು ಬಂದ ಹೊತ್ತಿನ ಕ್ರಮದಲ್ಲೇ ಕಾಣುತ್ತವೆ, ನಡುವೆ ಜಾಹೀರಾತು ಇರುವುದಿಲ್ಲ.

ಸರ್ವರ್ ನಡೆಸುವವನ ಮೇಲೆ ಸಿಟ್ಟು ಬಂದರೆ ಬೇರೆ ಸರ್ವರಿಗೆ ವಲಸೆ ಹೋಗುವ ದಾರಿಯೂ ಇದೆ. ಹಿಂಬಾಲಕರು ನಿಮ್ಮೊಡನೆ ಬರುತ್ತಾರೆ. ಹಳೆಯ ಪೋಸ್ಟುಗಳು ಮಾತ್ರ ಬರುವುದಿಲ್ಲ. ಮನೆ ಬದಲಿಸಬಹುದು, ಗೋಡೆಯನ್ನು ಹೊತ್ತೊಯ್ಯಲಾಗದು. ಯುರೋಪಿನ ದತ್ತಾಂಶ ಕಾನೂನು ತನ್ನ ಮಾಹಿತಿಯನ್ನು ಬೇರೆಡೆಗೆ ಒಯ್ಯುವ ಹಕ್ಕನ್ನು ನಾಗರಿಕನಿಗೆ ಕೊಟ್ಟಿದೆ, ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಆ ಹಕ್ಕು ಇಲ್ಲ.

ಬ್ಲೂಸ್ಕೈ, ಥ್ರೆಡ್ಸ್ ಇವೂ ಹಾಗೆಯೇ ಅಲ್ಲವೇ?

ಅರ್ಧಂಬರ್ಧ. ಬ್ಲೂಸ್ಕೈ 2019ರಲ್ಲಿ ಟ್ವಿಟರ್‌ನ ಒಳಗೇ ಹುಟ್ಟಿದ ಯೋಜನೆ. ಆಮೇಲೆ ಬೇರ್ಪಟ್ಟು 2024ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಯಾವ ಕ್ರಮದಲ್ಲಿ ಪೋಸ್ಟ್ ಕಾಣಬೇಕೆಂಬುದನ್ನು ಓದುಗನೇ ಆರಿಸಿಕೊಳ್ಳಬಹುದೆಂಬುದು ಅದರಲ್ಲಿ ನನಗೆ ಮೆಚ್ಚಿಗೆಯಾದ ಅಂಶ, ಆದರೆ ಬಹುಪಾಲು ಬಳಕೆದಾರರು ಈಗಲೂ ಒಂದೇ ಕಂಪೆನಿಯ ಯಂತ್ರಗಳ ಮೇಲೆ ಇದ್ದಾರೆ. ಥ್ರೆಡ್ಸ್ ಫೇಸ್‌ಬುಕ್ಕಿನ ಒಡೆಯ ಕಂಪೆನಿಯಾದ ಮೆಟಾದ್ದು, ಆ್ಯಕ್ಟಿವಿಟಿಪಬ್‌ಗೆ ಒಂದು ಕಿಟಕಿ ತೆರೆದಿದೆ, ಕಿಟಕಿಯ ಅಗಳಿ ಅವರ ಕೈಯಲ್ಲಿದೆ.

ಸ್ವದೇಶಿ ಆ್ಯಪ್ ಮಾಡಿಕೊಂಡರೆ ಸಾಕಲ್ಲವೇ?

ಬೆಂಗಳೂರಿನಲ್ಲಿ 2020ರಲ್ಲಿ ಹುಟ್ಟಿದ, ಟ್ವಿಟರ್ ಮಾದರಿಯ ‘ಕೂ’ ಆ್ಯಪ್ ಮೊದಲು ಬಂದದ್ದೇ ಕನ್ನಡದಲ್ಲಿ. ನಾವೆಲ್ಲ ಸಂಭ್ರಮದಿಂದ ಸೇರಿದೆವು. ಯಕ್ಷಗಾನ ತಾಳಮದ್ದಳೆಗಳ ಅರ್ಥಗಾರಿಕೆಯ ತುಣುಕುಗಳನ್ನು ಅಲ್ಲಿ ವರ್ಷಗಟ್ಟಲೆ ಬರೆದಿಟ್ಟ ಹಿರಿಯರೊಬ್ಬರು ನಮ್ಮಲ್ಲಿದ್ದರು. 2024ರ ಜುಲೈಯಲ್ಲಿ ಹಣ ಹೊಂದದೆ ಕಂಪೆನಿ ಮುಚ್ಚಿತು, ಆ ಬರಹಗಳೂ ಅದರೊಂದಿಗೆ ಹೋದವು. 2014ರ ಸೆಪ್ಟೆಂಬರಿನಲ್ಲಿ ಆರ್ಕುಟ್ ಮುಚ್ಚಿದಾಗಲೂ, 2019ರಲ್ಲಿ ಗೂಗಲ್ ಪ್ಲಸ್ ಮುಚ್ಚಿದಾಗಲೂ ಇದನ್ನೇ ನೋಡಿದ್ದೆವು. ಯಜಮಾನ ಕ್ಯಾಲಿಫೋರ್ನಿಯಾದವನೋ ಕೋರಮಂಗಲದವನೋ ಎಂಬುದು ನಮ್ಮ ಪ್ರಶ್ನೆಗೆ ಉತ್ತರವಾಗದು. ಯಜಮಾನ ಬಾಗಿಲು ಹಾಕಿದರೆ ಒಳಗಿನವರು ಎಲ್ಲಿಗೆ ಹೋಗಬೇಕು ಎಂಬುದೇ ಪ್ರಶ್ನೆ.

ವಿಕೇಂದ್ರೀಕೃತ ಜಾಲದಲ್ಲಿ ಸುಳ್ಳು, ದ್ವೇಷ ಇರುವುದಿಲ್ಲವೇ?

ಧಾರಾಳವಾಗಿ ಇರುತ್ತದೆ. ಬಲಪಂಥೀಯ ಉಗ್ರರ ನೆಲೆಯೆಂದು ಹೆಸರಾದ ಅಮೆರಿಕದ ಗ್ಯಾಬ್ 2019ರಲ್ಲಿ ಮಾಸ್ಟೊಡಾನ್ ತಂತ್ರಾಂಶವನ್ನೇ ಎತ್ತಿಕೊಂಡು ತನ್ನ ಜಾಲವನ್ನು ನಡೆಸತೊಡಗಿತು. ಮುಕ್ತ ತಂತ್ರಾಂಶವಾದ್ದರಿಂದ ಯಾರೂ ತಡೆಯುವಂತಿರಲಿಲ್ಲ. ಉಳಿದ ಸರ್ವರುಗಳಲ್ಲಿ ಬಹಳಷ್ಟು ಒಂದೊಂದಾಗಿ ಅದರೊಂದಿಗಿನ ಸಂಪರ್ಕವನ್ನು ಕಡಿದುಕೊಂಡವು. ಯಾರ ಬಾಯಿಯನ್ನೂ ಮುಚ್ಚಿಸಲಿಲ್ಲ, ಅವರ ಮಾತು ತಮ್ಮ ಚಾವಡಿಗೆ ಬಾರದಂತೆ ಮಾಡಿಕೊಂಡರು. ಇದು ಪೂರ್ತಿ ಪರಿಹಾರವಲ್ಲ, ಏಕೆಂದರೆ ಅವರ ಚಾವಡಿಯಲ್ಲಿ ದ್ವೇಷ ಮುಂದುವರಿದೇ ಇರುತ್ತದೆ. ಸಣ್ಣ ಸರ್ವರುಗಳನ್ನು ನಡೆಸುವವರು ಸ್ವಯಂಸೇವಕರು. ಮಕ್ಕಳ ಶೋಷಣೆಯ ಚಿತ್ರಗಳಂಥ ಘೋರ ವಿಷಯಗಳನ್ನು ಪತ್ತೆಹಚ್ಚುವ ಸಲಕರಣೆ, ತರಬೇತಿ, ಮನೋಬಲ ಅವರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಈ ವಿಷಯದಲ್ಲಿ ದೊಡ್ಡ ಕಂಪೆನಿಗಳು ಮುಂದಿವೆ ಎಂದು ಒಪ್ಪದೆ ಇರುವುದು ಮೊಂಡುತನ.

ನೀವು ನಡೆಸಿ ನೋಡಿದಿರಲ್ಲ, ಏನಾಯಿತು?

ಬಾಡಿಗೆಗೆ ಒಂದು ಸರ್ವರ್ ತೆಗೆದುಕೊಂಡೆವು, ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸು. ಅರುವತ್ತಕ್ಕೆ ಮೇಲೆ ಖಾತೆಗಳಾದವು, ನಿತ್ಯ ಬರೆಯುವವರು ಹದಿನೈದು ಮಂದಿ. ಗ್ರಾಮಸಭೆಯ ದಿನಾಂಕ, ಬಯಲಾಟದ ಕರೆ, ಅಡಿಕೆ ಧಾರಣೆ, ಪಿಎಸ್‌ಸಿಯ ಕನ್ನಡ ಹುದ್ದೆಗಳ ಅಧಿಸೂಚನೆ, ಇವೇ ಹೆಚ್ಚು. ಮಲಯಾಳದಲ್ಲಿ ಮಾತ್ರ ಬರುವ ಪಂಚಾಯತಿನ ಅರ್ಜಿಗಳನ್ನು ಒಬ್ಬ ಟೀಚರ್ ಕನ್ನಡಕ್ಕೆ ಮಾಡಿ ಹಾಕತೊಡಗಿದ್ದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಅಧಿಕಾರ ಹತ್ತಿರ ಬಂದ ಮಾತ್ರಕ್ಕೆ ಭಾಷೆಯೂ ಹತ್ತಿರ ಬರುವುದಿಲ್ಲವೆಂಬುದನ್ನು ಜನಕೀಯ ಯೋಜನೆಯ ಕಾಲದಿಂದಲೂ ನಾವು ಕಂಡವರೇ.

ಐದನೆಯ ತಿಂಗಳಲ್ಲಿ ಸರ್ವರ್ ನಿಂತುಹೋಯಿತು. ಹೊರಗಿನ ಸರ್ವರುಗಳಿಂದ ಬರುವ ಚಿತ್ರಗಳ ಪ್ರತಿಯನ್ನು ನಮ್ಮ ಯಂತ್ರ ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು, ಅವನ್ನು ಆಗಾಗ ಅಳಿಸಬೇಕೆಂಬುದು ನಮಗೆ ತಿಳಿದಿರಲಿಲ್ಲ, ಡಿಸ್ಕ್ ಭರ್ತಿಯಾಗಿತ್ತು. ಪಾಸ್‌ವರ್ಡ್ ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ. ಅವನು ತಂಗಿಯ ಮದುವೆಯ ಓಡಾಟದಲ್ಲಿದ್ದ. ನಾಲ್ಕು ದಿನ ಯಾರಿಗೂ ಏನೂ ಮಾಡಲಾಗಲಿಲ್ಲ. ಕಂಪೆನಿಯ ಏಕಸ್ವಾಮ್ಯವನ್ನು ಟೀಕಿಸುತ್ತಿದ್ದ ನಾವು ಎಲ್ಲ ಬೀಗದ ಕೈಗಳನ್ನೂ ಒಬ್ಬನ ಸೊಂಟಕ್ಕೆ ಕಟ್ಟಿದ್ದೆವು.

ಅದಕ್ಕಿಂತ ಕಷ್ಟದ್ದು ಪಂಚಾಯತು ಚುನಾವಣೆಯ ಹೊತ್ತಿನಲ್ಲಿ ಬಂತು. ಒಬ್ಬ ಅಭ್ಯರ್ಥಿಯ ಮನೆಯವರ ಬಗ್ಗೆ ಆಧಾರವಿಲ್ಲದ ಆರೋಪವೊಂದನ್ನು ಒಬ್ಬರು ಹಾಕಿದರು. ತೆಗೆಯಬೇಕೆಂದು ಮೂವರು ಅಡ್ಮಿನ್‌ಗಳಿಗೂ ಅನ್ನಿಸಿತ್ತು. ಮೂವರೂ ಒಂದು ರಾತ್ರಿಯಿಡೀ ಸುಮ್ಮನಿದ್ದೆವು. ಬರೆದವರು ನಮ್ಮಲ್ಲಿ ಒಬ್ಬನ ಹೆಂಡತಿಗೆ ಹೈಸ್ಕೂಲಿನಲ್ಲಿ ಪಾಠ ಹೇಳಿದವರು, ಬೆಳಿಗ್ಗೆ ಎಂಟರ ಬಸ್ಸಿನಲ್ಲಿ ದಿನವೂ ಎದುರಾಗುವವರು. ದೂರದಲ್ಲಿರುವ ಕಂಪೆನಿಗೆ ನಮ್ಮ ಮಾತು ತಿಳಿಯುವುದಿಲ್ಲವೆಂಬುದು ನಮ್ಮ ದೂರಾಗಿತ್ತು. ಹತ್ತಿರದಲ್ಲಿರುವವನಿಗೆ ಮಾತು ತಿಳಿಯುತ್ತದೆ, ಆದರೆ ಕೈ ಏಳುವುದಿಲ್ಲ. ಕೊನೆಗೆ ಮರುದಿನ ತೆಗೆದೆವು. ಪಕ್ಷಪಾತಿಗಳೆಂಬ ಮಾತು ಬಂತು, ಏಕೆಂದರೆ ಮೂವರಲ್ಲಿ ಇಬ್ಬರ ರಾಜಕೀಯ ಒಲವು ಎಲ್ಲರಿಗೂ ಗೊತ್ತಿದ್ದದ್ದೇ.

ಆಮೇಲೆ ಒಂದು ನಿಯಮ ಬರೆದುಕೊಂಡೆವು. ಪೋಸ್ಟ್ ತೆಗೆಯಲು ಇಬ್ಬರು ಒಪ್ಪಬೇಕು, ಆ ಇಬ್ಬರು ಒಂದೇ ಒಲವಿನವರಾಗಿರಬಾರದು, ಕಾರಣವನ್ನು ಕನ್ನಡದಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಬೇಕು, ಬರೆದವರು ಬಯಸಿದರೆ ವಾಚನಾಲಯದ ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಈ ಕಡೆಯ ಅವಕಾಶವನ್ನು ಆ ಮಾಸ್ತರರೇ ಮೊದಲು ಬಳಸಿಕೊಂಡರು. ಸಭೆ ಮುಕ್ಕಾಲು ಗಂಟೆ ನಡೆಯಿತು, ಚಹಾ ಆರಿಹೋಯಿತು, ಪೋಸ್ಟ್ ಮರಳಿ ಬರಲಿಲ್ಲ, ಮಾಸ್ತರರು ಖಾತೆಯನ್ನು ಮುಚ್ಚಲೂ ಇಲ್ಲ.

ಕಾನೂನಿನ ತೊಡಕು ಇದೆಯೇ?

ಇದೆ. ಸರ್ವರ್ ನಡೆಸುವವರು ಕಾನೂನಿನ ಕಣ್ಣಿನಲ್ಲಿ ಮಧ್ಯವರ್ತಿಗಳು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೆಯ ಕಲಮಿನ ರಕ್ಷಣೆ (ಇತರರು ಬರೆದದ್ದಕ್ಕೆ ನಾವು ಹೊಣೆಯಾಗದಿರುವುದು) ಸಿಗಬೇಕಾದರೆ ದೂರು ಕೇಳುವ ವ್ಯವಸ್ಥೆ ಇಟ್ಟುಕೊಂಡಿರಬೇಕು, ನ್ಯಾಯಾಲಯ ಅಥವಾ ಸರ್ಕಾರದ ಆದೇಶ ಬಂದರೆ ಪಾಲಿಸಬೇಕು. 2021ರ ನಿಯಮಗಳ ಹೆಚ್ಚುವರಿ ಹೊಣೆಗಳು 50 ಲಕ್ಷ ಬಳಕೆದಾರರನ್ನು ಮೀರಿದ ಜಾಲತಾಣಗಳಿಗೆ ಅನ್ವಯಿಸುವಂಥವು, ನಮಗೆ ಆ ಭಯ ಬೇಡ. ಆದರೆ 2023ರ ಮೇ ತಿಂಗಳಲ್ಲಿ ಸರ್ಕಾರ ತಡೆದ 14 ಸಂದೇಶ ಆ್ಯಪ್‌ಗಳಲ್ಲಿ ವಿಕೇಂದ್ರೀಕೃತವಾದ ಎಲಿಮೆಂಟ್ ಮತ್ತು ಬ್ರಯರ್ ಕೂಡ ಇದ್ದವು ಎಂಬುದನ್ನು ನೆನಪಿನಲ್ಲಿಡಬೇಕು. ಇನ್ನು ಇಂಟರ್‌ನೆಟ್ಟನ್ನೇ ಸ್ಥಗಿತಗೊಳಿಸಿದರೆ ಯಾರ ಸರ್ವರೂ ಕೆಲಸಕ್ಕೆ ಬಾರದು.

ಎಲ್ಲರೂ ವಾಟ್ಸ್ಆ್ಯಪ್‌ನಲ್ಲೇ ಇರುವಾಗ ಇಲ್ಲಿಗೆ ಯಾರು ಬರುತ್ತಾರೆ?

ಬಹಳ ಜನ ಬರುವುದಿಲ್ಲ. ಸರ್ಕಾರ 2021ರಲ್ಲಿ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ವಾಟ್ಸ್ಆ್ಯಪ್‌ಗೆ 53 ಕೋಟಿ, ಫೇಸ್‌ಬುಕ್‌ಗೆ 41 ಕೋಟಿ, ಟ್ವಿಟರ್‌ಗೆ 1.75 ಕೋಟಿ ಬಳಕೆದಾರರು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆಯನ್ನು ಅಮಾನತುಗೊಳಿಸಿದಾಗ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಮಾಸ್ಟೊಡಾನ್‌ಗೆ ಹೋದರು, ಅವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಮರಳಿದರು. 2022ರ ಅಕ್ಟೋಬರಿನಲ್ಲಿ ಇಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರನ್ನು ಕೊಂಡಾಗಲೂ ಹೀಗೇ ಒಂದು ವಲಸೆಯ ಅಲೆ ಎದ್ದು ಇಳಿಯಿತು.

ಸಂಸ್ಥೆಗಳು ಬಂದರೆ ಜನರೂ ಉಳಿಯುತ್ತಾರೆಂಬುದು ನನ್ನ ಎಣಿಕೆ. ಜರ್ಮನಿಯ ಮತ್ತು ನೆದರ್ಲೆಂಡ್ಸಿನ ಸರ್ಕಾರಿ ಕಚೇರಿಗಳು ತಮ್ಮದೇ ಮಾಸ್ಟೊಡಾನ್ ಸರ್ವರುಗಳಿಂದ ಪ್ರಕಟಣೆ ಕೊಡುತ್ತವೆ. ಐರೋಪ್ಯ ಒಕ್ಕೂಟದ ಸಂಸ್ಥೆಗಳಿಗಾಗಿ 2022ರಲ್ಲಿ ಆರಂಭಿಸಿದ ಸರ್ವರನ್ನು ಹೊಣೆ ಹೊರಲು ಯಾರೂ ಮುಂದೆ ಬಾರದೆ 2024ರಲ್ಲಿ ಮುಚ್ಚಿದರು ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ನಮ್ಮ ಪಂಚಾಯತುಗಳು ಗ್ರಾಮಸಭೆಯ ನೋಟೀಸನ್ನು ಕನ್ನಡದಲ್ಲಿ ಇಂಥ ಒಂದು ತೆರೆದ ಜಾಗದಲ್ಲಿ ಹಾಕತೊಡಗಿದರೆ ವಾಟ್ಸ್ಆ್ಯಪ್ ಬಿಡಬೇಕಾಗಿಲ್ಲ. ನಿಜವೋ ಸುಳ್ಳೋ ಎಂದು ನೋಡಿಕೊಳ್ಳಲು ಒಂದು ಜಾಗ ಸಿಕ್ಕಂತಾಗುತ್ತದೆ.

ನಮ್ಮ ವಾಚನಾಲಯದಲ್ಲೂ ಆರಂಭಿಸಬೇಕೆಂದಿದ್ದೇವೆ. ಮೊದಲು ಏನು ಮಾಡಬೇಕು?

ತಂತ್ರಾಂಶವನ್ನು ಕಡೆಗೆ ನೋಡೋಣ. ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು, ಪಾಸ್‌ವರ್ಡ್ ಯಾವ ಮೂವರ ಬಳಿ ಇರುತ್ತದೆ, ಡೊಮೈನ್ ಹೆಸರಿನ (ಜಾಲದಲ್ಲಿ ನಿಮ್ಮ ವಿಳಾಸದ) ವಾರ್ಷಿಕ ಶುಲ್ಕ ಯಾವ ತಿಂಗಳು ಕಟ್ಟಬೇಕು, ಬ್ಯಾಕಪ್ ಯಾರ ಮನೆಯ ಹಾರ್ಡ್‌ಡಿಸ್ಕಿನಲ್ಲಿರುತ್ತದೆ, ಪೋಸ್ಟ್ ತೆಗೆಯುವವರು ಯಾರು, ಅವರ ಮೇಲೆ ದೂರು ಕೇಳುವವರು ಯಾರು ಎಂದು ಬರೆಯಿರಿ. ಕೇರಳದ ಗ್ರಂಥಾಲಯ ಚಳವಳಿ 1945ರಲ್ಲಿ ಪಿ. ಎನ್. ಪಣಿಕ್ಕರ್ ಅವರು ಕಟ್ಟಿದ ಸಂಘದಿಂದ ಬೆಳೆದದ್ದು. ಆದ್ದರಿಂದ ನಿಮ್ಮ ವಾಚನಾಲಯಕ್ಕೆ ಆಡಳಿತ ಸಮಿತಿ, ನಡಾವಳಿ ಪುಸ್ತಕ, ವಾರ್ಷಿಕ ಲೆಕ್ಕ ಈಗಾಗಲೇ ಇರುತ್ತವೆ. ಸರ್ವರಿನ ವಿಷಯವನ್ನೂ ಆ ನಡಾವಳಿ ಪುಸ್ತಕದಲ್ಲೇ ಬರೆಯಿಸಿ, ಸಭೆಯಲ್ಲಿ ಓದಿಸಿ, ಸಹಿ ಹಾಕಿಸಿ. ನಮ್ಮ ಪುಸ್ತಕದಲ್ಲಿ ಮಾಸ್ತರರ ದೂರಿನ ಪುಟ ಹನ್ನೊಂದನೆಯದು. ನೋಡಬೇಕೆಂದಿದ್ದರೆ ಭಾನುವಾರ ಸಂಜೆ ನಾಲ್ಕರ ಮೇಲೆ ಬನ್ನಿ, ಬೀಗದ ಕೈ ಈಗ ಮೂವರ ಬಳಿ ಇದೆ.